ಎಲೆ ಮುಂದಿನಿಂದ ಏಳಲಾಗದ ಮಾವ: ಕ್ಯಾನ್ಸರ್‌ಗಿಂತ ಮೊದಲು ನರ ಕೊಡುವ ಸುಳಿವು

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಆಡಿದ ಮಾತನ್ನು ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಶಿವಮೊಗ್ಗದ ವಿನೋಬನಗರದ ನನ್ನ ರೂಮಿಂದ, ಎಂದಿನ ಹಾಗೆ ಕಿಟಕಿಗೆ ಎರಡು ರಗ್ಗು ನೇತು ಹಾಕಿಕೊಂಡು ಮಾತಾಡ್ತಾ ಇದ್ದೀನಿ. ಹೊರಗೆ ಮಳೆ ಜೋರಿದೆ. ಮಧ್ಯೆ ಶಬ್ದ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸಾಮಾನ್ಯವಾಗಿ ನಾನು ಇಲ್ಲಿ ದುಡ್ಡಿನ ವಿಷಯ ಮಾತಾಡ್ತೀನಿ. ಬಿ.ಕಾಂ ಓದಿದವನು, ಇಎಂಐ, ಅಡಿಕೆ ರೇಟು, ಇನ್ಶೂರೆನ್ಸ್ ಅಂತ ಏನೋ ಒಂದು. ಇವತ್ತಿನದು ಬೇರೆ. ಒಂದು ವರ್ಷದಿಂದ ಮಾಡಬೇಕು ಅಂದುಕೊಂಡು ಮುಂದೂಡ್ತಾ ಬಂದ ಕಂತು ಇದು. ನಾನು ಡಾಕ್ಟರ್ ಅಲ್ಲ. ಓದಿ, ಕೇಳಿ, ಪಕ್ಕದಲ್ಲಿ ನಿಂತು ನೋಡಿ ತಿಳಿದುಕೊಂಡದ್ದನ್ನ ಹೇಳ್ತೀನಿ. ತಿಳಿದವರು ಇನ್ನೂ ಚೆನ್ನಾಗಿ ಹೇಳಬಲ್ಲರು.

ಒಂದು ವಿಡಿಯೋದಿಂದ ಶುರು ಮಾಡ್ತೀನಿ.

ಮೂರು ವರ್ಷದ ಹಿಂದಿನ ಶ್ರಾವಣ. ಭದ್ರಾವತಿಯಲ್ಲಿ ನಮ್ಮ ಅಕ್ಕನ ಮಗುವಿನ ನಾಮಕರಣ. ನೆಲದ ಮೇಲೆ ಚಾಪೆ ಹಾಸಿ ಪಂಕ್ತಿ ಊಟ. ಪಾಯಸ ಆಯ್ತು, ಮಜ್ಜಿಗೆ ಆಯ್ತು, ಎಲ್ಲರೂ ಎಲೆ ಮಡಚಿ ಎದ್ದರು. ನಮ್ಮ ಸೋದರಮಾವ ಮಾತ್ರ ಏಳಲಿಲ್ಲ. ಕೈ ಊರಿದರು, ಮಂಡಿ ಮಡಚಿದರು, ಅರ್ಧ ಎದ್ದು ಮತ್ತೆ ಕೂತರು. ಇನ್ನೊಂದು ಸಲ. ಮತ್ತೆ ಕೂತರು. ಎಲ್ಲರೂ ನಕ್ಕರು, ಮಾವನೂ ನಕ್ಕರು. ನಾನು ಮೊಬೈಲ್ ತೆಗೆದು ವಿಡಿಯೋ ಮಾಡಿದೆ. ಅದರಲ್ಲಿ ನನ್ನ ದನಿ ಸ್ಪಷ್ಟವಾಗಿ ಕೇಳುತ್ತೆ: "ಎಂತ ಮಾವ, ಹೋಳಿಗೆ ಎಷ್ಟು ಹೊಡೆದ್ರಿ? ಕ್ರೇನ್ ಕರೆಸ್ಬೇಕಾ?" ಕೊನೆಗೆ ಇಬ್ಬರು ರಟ್ಟೆ ಹಿಡಿದು ಎಬ್ಬಿಸಿದರು. ವಿಡಿಯೋ ಫ್ಯಾಮಿಲಿ ಗ್ರೂಪಿಗೆ ಹೋಯ್ತು. ಇಪ್ಪತ್ತು ಜನ ನಗುವ ಮುಖ ಹಾಕಿದರು.

22 ಸೆಕೆಂಡಿನ ವಿಡಿಯೋ. ಅದರಲ್ಲಿ ಕಾಯಿಲೆ ಪೂರ್ತಿ ಇತ್ತು. ನೋಡೋಕೆ ಬರುವವರು ಯಾರೂ ಅಲ್ಲಿರಲಿಲ್ಲ, ಅಷ್ಟೆ.

ಏಳು ತಿಂಗಳು, ಐದು ಡಾಕ್ಟರು

ಮಾವನ ಬಗ್ಗೆ ಎರಡು ಮಾತು. ಭದ್ರಾವತಿಯ ಕಾಗದದ ಕಾರ್ಖಾನೆ, ನಾವೆಲ್ಲ ಎಂಪಿಎಂ ಅನ್ನುವ ಮೈಸೂರು ಪೇಪರ್ ಮಿಲ್ಸ್‌ನಲ್ಲಿ ಕೆಲಸ ಮಾಡಿದವರು. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು. ಆಮೇಲೆ ವಿಆರ್‌ಎಸ್ ತಗೊಂಡು, ಪೇಪರ್ ಟೌನ್ ಹತ್ತಿರ ಸಣ್ಣ ಅಂಗಡಿ ಇಟ್ಟುಕೊಂಡರು. ವಯಸ್ಸು ಆಗ 58. ಹದಿನೆಂಟನೇ ವಯಸ್ಸಿಂದ ಬೀಡಿ. "ಬಿಟ್ಟೆ ಕಣೋ, ಎರಡು ವರ್ಷ ಆಯ್ತು" ಅಂತಿದ್ದರು. ಅದು ನಿಜಾನೇ ಆಗಿತ್ತು.

ನಾಮಕರಣ ಆದಮೇಲೆ ಒಂದೊಂದಾಗಿ ಕಾಣಿಸಿಕೊಂಡವು. ಕಕ್ಕಸಿನಲ್ಲಿ ಕೂತರೆ ಏಳೋಕಾಗದೆ ಕಿಟಕಿ ಸರಳಿಗೆ ಹಗ್ಗ ಕಟ್ಟಿಕೊಂಡರು. ಬಸ್ಸಿನ ಮೊದಲ ಮೆಟ್ಟಿಲು ಹತ್ತೋಕೆ ಕಂಡಕ್ಟರ್ ಕೈ ಕೊಡಬೇಕಾಯ್ತು. ಬಾಯಿ ಸದಾ ಒಣಗೋದು, ಅಂಗಡಿಯಲ್ಲಿ ನೀರಿನ ಬಾಟಲಿ ಪಕ್ಕದಲ್ಲೇ. ಮಲಬದ್ಧತೆ. ಅತ್ತೆಗೆ ಶುಗರ್ ಅಂತ ಅನುಮಾನ. ಪರೀಕ್ಷೆ ಮಾಡಿಸಿದರೆ ನಾರ್ಮಲ್.

ಆಮೇಲೆ ಸುತ್ತಾಟ. ಊರುಗಳ ಹೆಸರು ಹೇಳ್ತೀನಿ, ಡಾಕ್ಟರ ಹೆಸರು ಹೇಳಲ್ಲ. ಯಾಕಂದ್ರೆ ಯಾರೂ ಕೆಟ್ಟವರಲ್ಲ, ಎಲ್ಲರೂ ಹೆಚ್ಚಾಗಿ ಬರುವ ಕಾಯಿಲೆಯನ್ನೇ ಮೊದಲು ಹುಡುಕಿದರು. ಭದ್ರಾವತಿಯಲ್ಲಿ ಒಬ್ಬರು ಬಿ12 ಇಂಜೆಕ್ಷನ್ ಕೊಟ್ಟರು. ಇನ್ನೊಬ್ಬರು ಬೆನ್ನಿನ ಎಂಆರ್‌ಐ ಬರೆದರು, ಅದರಲ್ಲಿ ಡಿಸ್ಕ್ ಸ್ವಲ್ಪ ಉಬ್ಬಿದೆ ಅಂತ ಬಂತು. 58ರ ವಯಸ್ಸಿನ ಎಷ್ಟೋ ಜನರ ಬೆನ್ನು ಸ್ಕ್ಯಾನ್ ಮಾಡಿದರೂ ಅಷ್ಟು ಕಾಣುತ್ತೆ ಅನ್ನೋದು ಆಗ ನಮಗೆ ಗೊತ್ತಿರಲಿಲ್ಲ. ಸೊಂಟಕ್ಕೆ ಬೆಲ್ಟ್ ಬಂತು. ಶಿವಮೊಗ್ಗದಲ್ಲಿ ಒಬ್ಬರು ಮಂಡಿ ಸವೆತ ಅಂದರು. ಮತ್ತೊಬ್ಬರು ಅತ್ತೆಯನ್ನ ಪಕ್ಕಕ್ಕೆ ಕರೆದು, "ಕೆಲಸ ಹೋದಮೇಲೆ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ" ಅಂದರು. ಆ ಮಾತು ಮನೆಯಲ್ಲಿ ಎಲ್ಲರಿಗೂ ಸರಿ ಅನ್ನಿಸಿಬಿಟ್ಟಿತು. ನನಗೂ. ಮಾವನಿಗೆ ಸಮಾಧಾನ ಹೇಳೋಕೆ ಹೋಗಿ, "ಮನಸ್ಸು ಗಟ್ಟಿ ಮಾಡ್ಕೊಳ್ಳಿ ಮಾವ" ಅಂದೆ. ಅವರು ನನ್ನ ಮುಖ ನೋಡಿ, "ಮನಸ್ಸು ಎದ್ದು ನಿಂತಿದೆ ಮಾರಾಯ, ತೊಡೆ ಏಳ್ತಿಲ್ಲ" ಅಂದರು.

ಇದನ್ನ ಹಿಡಿದವರು ಒಬ್ಬ ಫಿಸಿಯೋಥೆರಪಿಸ್ಟ್. ಭದ್ರಾವತಿಯ ಹುಡುಗಿ, ನನಗಿಂತ ಚಿಕ್ಕವರು. ಬೆನ್ನಿಗೆ ವ್ಯಾಯಾಮ ಹೇಳಿಕೊಡೋಕೆ ಅಂತ ಕಳಿಸಿದ್ದು. ಅವರಿಗೆ ಎರಡು ವಿಷಯ ವಿಚಿತ್ರ ಅನ್ನಿಸಿತು. ಮಂಡಿಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಚಿಮ್ಮಬೇಕು, ಮಾವನ ಕಾಲು ಅಲುಗಲಿಲ್ಲ. ಇನ್ನೊಂದು, "ನನ್ನ ಕೈ ಒತ್ತಿ ಹಿಡೀರಿ" ಅಂದಾಗ ಮೊದಲ ಸಲ ಮಾವನ ಹಿಡಿತ ಮಗುವಿನ ಹಿಡಿತದ ಹಾಗಿತ್ತು. ಹತ್ತು ಸೆಕೆಂಡು ಒತ್ತುತ್ತಾ ಇದ್ದ ಹಾಗೆ ಬಿಗಿಯಾಯ್ತು. ಸುಸ್ತಾದವನಿಗೆ ಒತ್ತಿದಷ್ಟೂ ಶಕ್ತಿ ಇಳಿಯಬೇಕು, ಇವರಿಗೆ ಏರ್ತಾ ಇದೆ. ಐದು ನಿಮಿಷ ಕೂರಿಸಿ ಮತ್ತೆ ಪರೀಕ್ಷಿಸಿದರೆ ಪುನಃ ಮೊದಲಿನ ಹಾಗೆ. "ಇದು ಬೆನ್ನಿಂದಲ್ಲ ಅನ್ಸುತ್ತೆ ಅಂಕಲ್, ನರದ ಡಾಕ್ಟರಿಗೆ ತೋರಿಸಿ" ಅಂತ ಚೀಟಿಯಲ್ಲಿ ಅಷ್ಟೂ ಬರೆದುಕೊಟ್ಟರು.

ಶಿವರಾತ್ರಿ ಕಳೆದು ವಾರಕ್ಕೆ ಶಿವಮೊಗ್ಗದಲ್ಲಿ ನ್ಯೂರಾಲಜಿಸ್ಟ್ ಹತ್ತಿರ ಹೋದೆವು. ಆ ಚೀಟಿ ಓದಿದ ಅವರು ಕೇಳಿದ ಮೊದಲ ಪ್ರಶ್ನೆ: "ಯಾವಾಗಿಂದ?" ಅತ್ತೆ ದೀಪಾವಳಿ ಅಂದರು, ಮಾವ ದಸರಾ ಅಂದರು. "ನಡೆಯುವ, ಕೂತು ಏಳುವ ಹಳೇ ವಿಡಿಯೋ ಇದ್ದರೆ ತೋರಿಸಿ" ಅಂದರು ಡಾಕ್ಟರ್.

ನನ್ನ ಹತ್ತಿರ ಇತ್ತಲ್ಲ. ತೋರಿಸಿದೆ. ನನ್ನ ದನಿ, ಕ್ರೇನ್ ಮಾತು, ಹಿಂದೆ ಎಲ್ಲರ ನಗು. ಡಾಕ್ಟರ್ ನಗಲಿಲ್ಲ. ಎರಡು ಸಲ ನೋಡಿದರು, ತಾರೀಖು ಬರೆದುಕೊಂಡರು. "ಏಳು ತಿಂಗಳು" ಅಂದರು.

ಆಮೇಲೆ ನರದ ಪರೀಕ್ಷೆ. ಕೈಗೆ ಸಣ್ಣ ಕರೆಂಟ್ ಕೊಟ್ಟು ಸ್ನಾಯು ಎಷ್ಟು ಪ್ರತಿಕ್ರಿಯೆ ಕೊಡುತ್ತೆ ಅಂತ ಪರದೆಯಲ್ಲಿ ನೋಡೋದು. ಮೊದಲು ಬಂದ ಅಲೆ ಚಿಕ್ಕದು. ಮಾವನಿಗೆ ಹತ್ತು ಸೆಕೆಂಡು ಜೋರಾಗಿ ಬೆರಳು ಒತ್ತೋಕೆ ಹೇಳಿ ತಕ್ಷಣ ಮತ್ತೆ ಕರೆಂಟ್ ಕೊಟ್ಟರು. ಅಲೆ ಎರಡು ಪಟ್ಟು ಮೀರಿ ಎದ್ದಿತು. ಡಾಕ್ಟರ್ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು, "ಬೀಡಿ, ಸಿಗರೇಟು?"

ಅಂದೇ ಎದೆಯ ಸಿಟಿ ಸ್ಕ್ಯಾನ್ ಬರೆದರು. ಕಾಲಿಗೆ ಬಂದವರಿಗೆ ಎದೆಯ ಸ್ಕ್ಯಾನ್ ಯಾಕೆ ಅಂತ ನಾನು ಕೇಳಿದೆ. ಆ ಪ್ರಶ್ನೆಗೆ ಸಿಕ್ಕ ಉತ್ತರವೇ ಈ ಕಂತು.

ಸಹಿ ಒಂದೇ, ಖಾತೆ ಎರಡು

ಕಾಯಿಲೆಯ ಹೆಸರು ಲ್ಯಾಂಬರ್ಟ್-ಈಟನ್ ಸಿಂಡ್ರೋಮ್. ಇದು ಒಂದು ದೊಡ್ಡ ಕುಟುಂಬದ ಸದಸ್ಯ. ಆ ಕುಟುಂಬಕ್ಕೆ ಪ್ಯಾರಾನಿಯೋಪ್ಲಾಸ್ಟಿಕ್ ನರರೋಗಗಳು ಅಂತಾರೆ. ಬಾಯಿ ತಿರುಗದಿದ್ದರೂ ಅರ್ಥ ಸುಲಭ. ಕ್ಯಾನ್ಸರ್ ಒಂದು ಕಡೆ ಇರುತ್ತೆ, ಅದು ನರಕ್ಕೆ ಹರಡಿರಲ್ಲ, ನರವನ್ನ ಒತ್ತಿರಲ್ಲ. ಆದರೂ ನರ ಕೆಡುತ್ತೆ. ಕೆಡಿಸೋದು ಕ್ಯಾನ್ಸರ್ ಅಲ್ಲ, ನಮ್ಮದೇ ರೋಗನಿರೋಧಕ ವ್ಯವಸ್ಥೆ.

ಹೇಗೆ? ಕಾಮರ್ಸ್ ಓದಿದವನ ಭಾಷೆಯಲ್ಲಿ ಹೇಳ್ತೀನಿ. ಬ್ಯಾಂಕಿನಲ್ಲಿ ನಿಮ್ಮ ಸಹಿಯ ಮಾದರಿ ಇರುತ್ತೆ. ಒಬ್ಬ ಕಳ್ಳ ನಿಮ್ಮದೇ ಸಹಿ ಹಾಕಿ ಚೆಕ್ ತಂದ. ಬ್ಯಾಂಕಿಗೆ ಅವನು ಕಳ್ಳ ಅಂತ ಗೊತ್ತಾಯ್ತು, ಒಳ್ಳೇದೇ. ಆದರೆ ಬ್ಯಾಂಕು ಏನು ಮಾಡ್ತು? "ಈ ಸಹಿ ಎಲ್ಲಿ ಕಂಡರೂ ತಡೀರಿ" ಅಂತ ಎಲ್ಲ ಶಾಖೆಗೂ ಆದೇಶ ಕಳಿಸಿತು. ಈಗ ಕಳ್ಳನ ಚೆಕ್ಕೂ ವಾಪಸ್, ನಿಮ್ಮ ಚೆಕ್ಕೂ ವಾಪಸ್.

ಇಲ್ಲಿ ಕಳ್ಳ ಅಂದ್ರೆ ಗಡ್ಡೆ. ಕೆಲವು ಕ್ಯಾನ್ಸರ್ ಕಣಗಳು, ಮಾಮೂಲಾಗಿ ನರಗಳಲ್ಲಿ ಮಾತ್ರ ಇರಬೇಕಾದ ಪ್ರೋಟೀನ್‌ಗಳನ್ನ ತಯಾರಿಸ್ತವೆ. ಶ್ವಾಸಕೋಶದ ಸ್ಮಾಲ್ ಸೆಲ್ ಅನ್ನುವ ಬಗೆಯ ಕ್ಯಾನ್ಸರ್ ಇದರಲ್ಲಿ ಮುಂದು. ತಂಬಾಕಿಗೆ ಅತಿ ಹತ್ತಿರದ ನಂಟಿರುವ ಕ್ಯಾನ್ಸರ್ ಅದು. ರೋಗನಿರೋಧಕ ವ್ಯವಸ್ಥೆ ಆ ಪ್ರೋಟೀನನ್ನ ಶತ್ರುವಿನ ಗುರುತು ಅಂದುಕೊಂಡು ಪ್ರತಿಕಾಯ ತಯಾರಿಸುತ್ತೆ. ಪ್ರತಿಕಾಯ ಗಡ್ಡೆಯ ಮೇಲೂ ಬೀಳುತ್ತೆ, ಅದೇ ಗುರುತಿರುವ ನರದ ಮೇಲೂ ಬೀಳುತ್ತೆ.

ಮಾವನ ವಿಷಯದಲ್ಲಿ ಆ ಗುರುತು ಕ್ಯಾಲ್ಸಿಯಂ ಒಳಗೆ ಬಿಡುವ ಬಾಗಿಲು. ನಮ್ಮ ಕಡೆಯವರಿಗೆ ಭದ್ರಾ ನಾಲೆ ಗೊತ್ತಲ್ಲ, ತೂಬು ಎತ್ತಿದರೆ ಗದ್ದೆಗೆ ನೀರು. ನರದ ತುದಿಯಲ್ಲೂ ಅಂಥ ತೂಬುಗಳಿವೆ. ಮೆದುಳಿಂದ "ಏಳು" ಅನ್ನೋ ಆಜ್ಞೆ ಬಂದಾಗ ತೂಬು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ. ಆಗ ನರದ ತುದಿ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕವನ್ನ ಸ್ನಾಯುವಿನ ಕಡೆ ಚೆಲ್ಲುತ್ತೆ, ಸ್ನಾಯು ಬಿಗಿಯುತ್ತೆ. ಪ್ರತಿಕಾಯಗಳು ಬಂದು ಈ ತೂಬುಗಳನ್ನೇ ಕೆಡಿಸಿದರೆ ಆಜ್ಞೆ ಬಂದರೂ ಸ್ನಾಯುವಿಗೆ ಸುದ್ದಿ ಮುಟ್ಟಲ್ಲ. ಆದರೆ ಮತ್ತೆ ಮತ್ತೆ ಆಜ್ಞೆ ಬಂದರೆ, ಉಳಿದ ತೂಬುಗಳಿಂದ ಹನಿ ಹನಿಯಾಗಿ ಬಂದ ಕ್ಯಾಲ್ಸಿಯಂ ಒಳಗೆ ಸೇರಿಕೊಂಡು ಸ್ವಲ್ಪ ಹೊತ್ತು ಕೆಲಸ ನಡೆಯುತ್ತೆ. ಒತ್ತಿದಷ್ಟೂ ಮಾವನ ಹಿಡಿತ ಬಿಗಿಯಾಗ್ತಿದ್ದದ್ದು ಅದಕ್ಕೆ. ಬಾಯಿಯ ಜೊಲ್ಲು, ಕರುಳಿನ ಚಲನೆಗೂ ಅದೇ ರಾಸಾಯನಿಕ ಬೇಕು, ಹಾಗಾಗಿ ಒಣಬಾಯಿ, ಮಲಬದ್ಧತೆ. ಮೂರು ಬೇರೆ ಬೇರೆ ದೂರು ಅಂದುಕೊಂಡು ಮೂರು ಕಡೆ ತೋರಿಸಿದ್ದೆವು. ಬೇರು ಒಂದೇ.

ಲ್ಯಾಂಬರ್ಟ್-ಈಟನ್ ಬಂದವರಲ್ಲಿ ಸುಮಾರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರ್ ಇರುತ್ತೆ. ಉಳಿದವರಿಗೆ ಕ್ಯಾನ್ಸರ್ ಇರಲ್ಲ, ಅದು ಬರೀ ಆಟೋಇಮ್ಯೂನ್ ಕಾಯಿಲೆ. ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ಈ ಹೆಸರು ಕೇಳಿದ ತಕ್ಷಣ ಕ್ಯಾನ್ಸರ್ ಅಂತ ತೀರ್ಮಾನ ಮಾಡಬಾರದು. ಆದರೆ ಹುಡುಕಲೇಬೇಕು.

ರೋಗಿಗಳ ಹೆಸರಿನ ಎರಡಕ್ಷರ

ಇದು ಹೊಸ ಕಾಯಿಲೆ ಅಲ್ಲ. ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಸಂವೇದನಾ ನರಗಳು ವಿಚಿತ್ರವಾಗಿ ಹಾಳಾಗಿದ್ದನ್ನ ಡೆನ್ನಿ-ಬ್ರೌನ್ ಅನ್ನೋ ವೈದ್ಯರು 1948ರಲ್ಲೇ ಬರೆದಿದ್ದರು. 1953ರಲ್ಲಿ ಲಂಡನ್ನಿನಲ್ಲಿ ಎದೆಯಲ್ಲಿ ಗಡ್ಡೆಯಿದ್ದ ಒಬ್ಬ ರೋಗಿಗೆ ಅರಿವಳಿಕೆಯ ವೇಳೆ ಸ್ನಾಯು ಸಡಿಲಿಸುವ ಔಷಧಿ ಕೊಟ್ಟಾಗ ಉಸಿರು ಬಹಳ ಹೊತ್ತು ವಾಪಸ್ ಬರಲಿಲ್ಲ. ಯಾಕೆ ಅಂತ ಹುಡುಕುವಾಗ ಈ ಕಾಯಿಲೆಯ ಸುಳಿವು ಸಿಕ್ಕಿತು. 1956ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಲ್ಯಾಂಬರ್ಟ್, ಈಟನ್ ಮತ್ತು ಸಂಗಡಿಗರು ಇದನ್ನ ಸರಿಯಾಗಿ ವಿವರಿಸಿದರು.

1980ರ ದಶಕದಲ್ಲಿ ಪ್ರತಿಕಾಯಗಳನ್ನ ಒಂದೊಂದಾಗಿ ಗುರುತಿಸೋಕೆ ಶುರು ಮಾಡಿದಾಗ ಅವುಗಳಿಗೆ ಹೆಸರು ಬೇಕಾಯ್ತು. ಇಟ್ಟ ಹೆಸರುಗಳು ಹು, ಯೋ, ರಿ. ಏನಿದು ಅಂತ ನೋಡಿದರೆ, ಮೊದಲು ಆ ಪ್ರತಿಕಾಯ ಸಿಕ್ಕಿದ ರೋಗಿಗಳ ಹೆಸರಿನ ಮೊದಲ ಎರಡು ಅಕ್ಷರ. ಸಾಮಾನ್ಯವಾಗಿ ಕಾಯಿಲೆಗೆ ಡಾಕ್ಟರ ಹೆಸರಿಡ್ತಾರೆ. ಇಲ್ಲಿ ಲ್ಯಾಬ್ ರಿಪೋರ್ಟಿನಲ್ಲಿ ರೋಗಿಗಳು ಉಳಿದುಕೊಂಡಿದ್ದಾರೆ. ಅದನ್ನ ಓದಿದ ದಿನ ನಾನು ಸುಮ್ಮನೆ ಮಾವನ ಹೆಸರಿನ ಮೊದಲ ಎರಡಕ್ಷರ ಬರೆದು ನೋಡಿದೆ.

ಈ ಕುಟುಂಬದ ಕಾಯಿಲೆಗಳಲ್ಲಿ ಎರಡು ಜಾತಿ. ಈ ವ್ಯತ್ಯಾಸ ಮುಖ್ಯ.

ಒಂದು ಜಾತಿಯಲ್ಲಿ ದಾಳಿ ನರಕಣದ ಹೊರಮೈ ಮೇಲೆ, ಬಾಗಿಲಿಗೆ ಬೀಗ ಹಾಕಿದ ಹಾಗೆ. ಮಾವನದು ಇದು. ಬೀಗ ತೆಗೆದರೆ ಒಳಗೆ ಮನೆ ಹಾಗೇ ಇರುತ್ತೆ. ಇನ್ನೊಂದು ಜಾತಿಯಲ್ಲಿ ದಾಳಿ ಕಣದ ಒಳಗಿನ ಪ್ರೋಟೀನ್ ಮೇಲೆ. ಆಗ ಟಿ ಕಣಗಳು ಅನ್ನೋ ಸೈನಿಕರು ನರಕಣವನ್ನೇ ಕೊಂದುಬಿಡ್ತವೆ. ಮನೆ ಸುಟ್ಟ ಹಾಗೆ. ಹು, ಯೋ ಈ ಗುಂಪಿನವು. ಯೋ ಪ್ರತಿಕಾಯ ಹೆಚ್ಚಾಗಿ ಅಂಡಾಶಯ ಅಥವಾ ಸ್ತನದ ಕ್ಯಾನ್ಸರ್ ಇರುವ ಮಹಿಳೆಯರಲ್ಲಿ ಸಿಗುತ್ತೆ. ಕೆಲವೇ ವಾರಗಳಲ್ಲಿ ನಡಿಗೆ ತೂರಾಡೋಕೆ ಶುರುವಾಗುತ್ತೆ, ಮಾತು ತೊದಲುತ್ತೆ, ಲೋಟ ಬಾಯಿಗೆ ತರುವಾಗ ಕೈ ಅಲ್ಲಾಡುತ್ತೆ. ಕಿರುಮೆದುಳಿನ ಪರ್ಕಿಂಜಿ ಕಣಗಳು ಸತ್ತರೆ ಮತ್ತೆ ಹುಟ್ಟಲ್ಲ. ಇಲ್ಲಿ ಒಂದೊಂದು ವಾರಕ್ಕೂ ಬೆಲೆ ಇದೆ.

ಹೊರಮೈ ಗುಂಪಿನಲ್ಲಿ ಇನ್ನೊಂದು ಕಾಯಿಲೆ ಇದೆ, ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್. ಹೆಚ್ಚಾಗಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಲ್ಲಿ. ಚೆನ್ನಾಗಿದ್ದ ಹುಡುಗಿ ಒಂದೆರಡು ವಾರದಲ್ಲಿ ನಿದ್ದೆ ಬಿಡ್ತಾಳೆ, ಇಲ್ಲದ್ದು ಕಾಣುತ್ತೆ ಅಂತಾಳೆ, ಬಾಯಿ ವಿಚಿತ್ರವಾಗಿ ಆಡಿಸ್ತಾಳೆ, ಫಿಟ್ಸ್ ಬರುತ್ತೆ. ನಮ್ಮ ಕಡೆ ಇದನ್ನ ಏನಂತಾರೆ? ಗಾಳಿ ಸೋಕಿದೆ, ಮೈಮೇಲೆ ಬಂದಿದೆ. ಯಾರನ್ನೂ ಆಡಿಕೊಳ್ತಿಲ್ಲ ನಾನು. ಕಣ್ಣಿಗೆ ಹಾಗೇ ಕಾಣುವ ಕಾಯಿಲೆ ಅದು. ವೈದ್ಯಲೋಕಕ್ಕೇ ಇದರ ಮೂಲ ಸ್ಪಷ್ಟವಾಗಿದ್ದು 2007ರಲ್ಲಿ. ಜೋಸೆಪ್ ಡಾಲ್ಮಾವ್ ಮತ್ತು ತಂಡ ಇಂಥ 12 ಮಹಿಳೆಯರ ವಿವರ ಪ್ರಕಟಿಸಿತು. ಅವರಲ್ಲಿ ಟೆರಟೋಮಾ ಅನ್ನೋ ಗಡ್ಡೆ ಇತ್ತು, ಬಹುತೇಕ ಅಂಡಾಶಯದಲ್ಲಿ. ಆ ಗಡ್ಡೆಯೊಳಗೆ ಕೂದಲು, ಹಲ್ಲು, ನರದ ಅಂಗಾಂಶ ಕೂಡ ಬೆಳೆಯಬಹುದು. ನರ ಅಲ್ಲಿದ್ದರೆ ಸಹಿ ಅಲ್ಲೂ ಇದೆ ಅಂತಾಯ್ತಲ್ಲ! ಎಲ್ಲರಿಗೂ ಗಡ್ಡೆ ಇರಲೇಬೇಕು ಅಂತಿಲ್ಲ. 2009ರಲ್ಲಿ ಈ ಕಾಯಿಲೆ ಬಂದ ನ್ಯೂಯಾರ್ಕಿನ ಪತ್ರಕರ್ತೆ ಸುಸಾನಾ ಕ್ಯಾಹಲನ್ ಅವರಿಗೆ ಗಡ್ಡೆ ಸಿಗಲಿಲ್ಲ. ಗಡಿಯಾರ ಬರೀರಿ ಅಂತ ಡಾಕ್ಟರ್ ಹೇಳಿದಾಗ ಅವರು ಎಲ್ಲ ಅಂಕೆಗಳನ್ನೂ ಬಲಗಡೆಯೇ ಬರೆದಿದ್ದರು. ಅಲ್ಲಿಂದ ಇದು ಮನಸ್ಸಿನ ಕಾಯಿಲೆಯಲ್ಲ, ಮೆದುಳಿನ ಉರಿಯೂತ ಅಂತ ಗೊತ್ತಾಯ್ತು. ಅವರು ಗುಣವಾಗಿ ಪುಸ್ತಕ ಬರೆದರು.

ಇನ್ನೊಂದು ಹೆಸರು ನಿಮಗೆ ಗೊತ್ತಿರಬಹುದು, ಮಯಸ್ತೀನಿಯಾ ಗ್ರೇವಿಸ್. 1982ರಲ್ಲಿ ಬೆಂಗಳೂರಿನಲ್ಲಿ ಕೂಲಿ ಸಿನಿಮಾ ಶೂಟಿಂಗ್‌ನಲ್ಲಿ ಪೆಟ್ಟಾದ ಅಮಿತಾಭ್ ಬಚ್ಚನ್ ಅವರಿಗೆ ನಂತರದ ವರ್ಷಗಳಲ್ಲಿ ಈ ಕಾಯಿಲೆ ಇದೆ ಅಂತ ಗೊತ್ತಾಯ್ತು, ಅದರ ಬಗ್ಗೆ ಅವರೇ ಮಾತಾಡಿದ್ದಾರೆ. ಇದರಲ್ಲಿ ಸಂಜೆ ಹೊತ್ತಿಗೆ ರೆಪ್ಪೆ ಜೋತುಬೀಳುತ್ತೆ, ಒಂದು ವಸ್ತು ಎರಡಾಗಿ ಕಾಣುತ್ತೆ, ಅಗಿಯುತ್ತಾ ದವಡೆ ಸೋಲುತ್ತೆ. ಮಾವನದಕ್ಕೆ ತದ್ವಿರುದ್ಧ, ಇಲ್ಲಿ ಬಳಸಿದಷ್ಟೂ ಶಕ್ತಿ ಇಳಿಯುತ್ತೆ. ಈ ಕಾಯಿಲೆಯವರಲ್ಲಿ ನೂರಕ್ಕೆ 10ರಿಂದ 15 ಜನರಿಗೆ ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇರುತ್ತೆ. ಹಾಗಾಗಿ ಇವರಿಗೂ ಎದೆಯ ಸ್ಕ್ಯಾನ್ ಮಾಡಿಸ್ತಾರೆ.

ಒಂದೇ ರಸ್ತೆಯ ಎರಡು ಗೇಟು

ಮಾವನ ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ಬುಡದಲ್ಲಿ ಸಣ್ಣ ಗಡ್ಡೆ ಕಾಣಿಸಿತು. ಕೆಮ್ಮಿಲ್ಲ, ರಕ್ತ ಇಲ್ಲ, ಎದೆನೋವಿಲ್ಲ. ಕಾಲು ಹೇಳದೇ ಇದ್ದಿದ್ದರೆ ಆ ಹೊತ್ತಿಗೆ ಯಾರೂ ಹುಡುಕುತ್ತಿರಲಿಲ್ಲ.

ಈ ಕಾಯಿಲೆಗಳ ವಿಶೇಷವೇ ಇದು. ಬಹುಪಾಲು ರೋಗಿಗಳಲ್ಲಿ ನರದ ತೊಂದರೆ ಮೊದಲು, ಕ್ಯಾನ್ಸರ್ ಪತ್ತೆ ಆಮೇಲೆ. ರೋಗನಿರೋಧಕ ವ್ಯವಸ್ಥೆ ಆಗಲೇ ಹೋರಾಡ್ತಾ ಇರೋದರಿಂದ ಗಡ್ಡೆ ಸಣ್ಣದಾಗಿರುತ್ತೆ. ಕೆಲವೊಮ್ಮೆ ಎಷ್ಟು ಸಣ್ಣದು ಅಂದ್ರೆ ಮೊದಲ ಸ್ಕ್ಯಾನಿನಲ್ಲಿ ಕಾಣೋದೇ ಇಲ್ಲ. ಅದಕ್ಕೇ 2021ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಮಾನದಂಡಗಳು, ಅಪಾಯ ಹೆಚ್ಚಿರುವವರಲ್ಲಿ ಮೊದಲ ಹುಡುಕಾಟದಲ್ಲಿ ಏನೂ ಸಿಗದಿದ್ದರೂ 4ರಿಂದ 6 ತಿಂಗಳಿಗೊಮ್ಮೆ ಎರಡು ವರ್ಷದವರೆಗೆ ಮತ್ತೆ ಹುಡುಕಿ ಅಂತ ಹೇಳ್ತವೆ. "ಸ್ಕ್ಯಾನ್ ಕ್ಲಿಯರ್" ಅಂದಾಗ ಫೈಲ್ ಕಟ್ಟಿ ಅಟ್ಟಕ್ಕೆ ಹಾಕೋದಲ್ಲ.

ಬೆಳಗಿನ ಜಾವದ ಜನಶತಾಬ್ದಿ ಹಿಡಿದು ಬೆಂಗಳೂರಿಗೆ ಹೋದೆವು. ಭದ್ರಾವತಿ ಸ್ಟೇಷನ್ನಿನಲ್ಲಿ ರೈಲಿನ ಮೆಟ್ಟಿಲು ಹತ್ತಿಸೋಕೆ ನಾನು ಹಿಂದಿನಿಂದ ಮಾವನ ಸೊಂಟ ಹಿಡಿದು ಎತ್ತಿದೆ. "ಈಗ ಕ್ರೇನ್ ಬಂತು ನೋಡು" ಅಂದರು ಮಾವ. ನನಗೆ ಉತ್ತರ ಹೊಳೆಯಲಿಲ್ಲ.

ಬೆಂಗಳೂರಿನಲ್ಲಿ ಅಕ್ಕಪಕ್ಕದಲ್ಲೇ ಎರಡು ದೊಡ್ಡ ಸಂಸ್ಥೆಗಳಿವೆ. ಒಂದು ನಿಮ್ಹಾನ್ಸ್, 1974ರಲ್ಲಿ ಹಳೇ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ ಆದದ್ದು. ಇನ್ನೊಂದು ಕಿದ್ವಾಯಿ ಗಂಥಿ ಸಂಸ್ಥೆ, 1973ರದ್ದು. ಒಂದು ನರಕ್ಕೆ, ಒಂದು ಕ್ಯಾನ್ಸರ್‌ಗೆ. ನಾಡಿನ ಎಲ್ಲ ಮೂಲೆಯ ಜನ ಆ ರಸ್ತೆಯ ಫುಟ್‌ಪಾತಲ್ಲಿ ಫೈಲ್ ಎದೆಗವುಚಿಕೊಂಡು ನಡೀತಿರ್ತಾರೆ. ಮಾವನ ಕಾಯಿಲೆ ಆ ಎರಡು ಗೇಟಿನ ನಡುವಿನ ಕಾಯಿಲೆ. ನರ ನೋಡುವವರು ಎದೆಯನ್ನ ನೆನೆಯಬೇಕು, ಎದೆ ನೋಡುವವರು ನರವನ್ನ ನೆನೆಯಬೇಕು.

ಅಂದಹಾಗೆ, ಇಂಥ ಪ್ರತಿಕಾಯ ಪರೀಕ್ಷೆಯ ವಿಷಯದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. ನಿಮ್ಹಾನ್ಸ್‌ನಲ್ಲಿ ಇದಕ್ಕೆ ಪ್ರಯೋಗಾಲಯ ಇದೆ. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಅವರ ತಂಡ, ನಿಟ್ಟೆ ವಿಶ್ವವಿದ್ಯಾಲಯದ ಕೇಂದ್ರದಲ್ಲಿ, ಕಣ್ಣಿನ ನರ ಮತ್ತು ಬೆನ್ನುಹುರಿಗೆ ಬರುವ ಎನ್‌ಎಂಒ ಅನ್ನೋ ಆಟೋಇಮ್ಯೂನ್ ಕಾಯಿಲೆಯ ಪ್ರತಿಕಾಯ ಪರೀಕ್ಷೆಯನ್ನ ಅಲ್ಲೇ ರೂಪಿಸಿತು. ಅದಕ್ಕೂ ಕ್ಯಾನ್ಸರ್‌ಗೂ ಸಾಮಾನ್ಯವಾಗಿ ನಂಟಿಲ್ಲ, ಆದರೆ ಪರೀಕ್ಷೆ ಹತ್ತಿರ ಬಂದಷ್ಟೂ ಕಾಯುವ ದಿನ ಕಡಿಮೆ.

ಮಾವನಿಗೆ ಸ್ಮಾಲ್ ಸೆಲ್ ಅಂತ ಬಯಾಪ್ಸಿಯಲ್ಲಿ ಖಚಿತವಾಯ್ತು. ಕೀಮೋ ಶುರುವಾಯ್ತು. ಜೊತೆಗೆ ನರಕ್ಕೂ ಮಾತ್ರೆ. ಅಮಿಫಾಂಪ್ರಿಡಿನ್ ಅಂತ ಹೆಸರು, ನರದ ಸಂಕೇತ ಇನ್ನೂ ಸ್ವಲ್ಪ ಹೊತ್ತು ನಿಲ್ಲುವಂತೆ ಮಾಡಿ ಉಳಿದ ತೂಬುಗಳಿಂದ ಹೆಚ್ಚು ಕೆಲಸ ತೆಗೆಯುವ ಔಷಧಿ. ಕೆಲವರಿಗೆ ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್, ರಕ್ತದ ಪ್ಲಾಸ್ಮಾ ಬದಲಿಸೋದು ಬೇಕಾಗುತ್ತೆ. ಆದರೆ ಎಲ್ಲರೂ ಹೇಳಿದ ಮಾತು ಒಂದೇ: ಮುಖ್ಯ ಚಿಕಿತ್ಸೆ ಗಡ್ಡೆಗೆ. ಕಳ್ಳ ಸಿಕ್ಕರೆ ತಡೆ ಆದೇಶ ತಾನಾಗೇ ಸಡಿಲವಾಗುತ್ತೆ.

ಮೂರನೇ ಕೀಮೋ ಆದಮೇಲೆ ಒಂದು ಬೆಳಿಗ್ಗೆ ಅತ್ತೆ ಫೋನ್ ಮಾಡಿದರು. "ಹಗ್ಗ ಬಿಚ್ಚಿಹಾಕಿದ್ರು ಕಣೋ" ಅಂದರು. ಕಕ್ಕಸಿನ ಕಿಟಕಿಯ ಹಗ್ಗ. ಅಷ್ಟೇ ಹೇಳಿ ಅತ್ತರು.

ಮಾವ ಆ ವರ್ಷ ದಸರಾದಲ್ಲಿ ನಡೆದು ಬಂದು ನಮ್ಮ ಮನೆಯಲ್ಲಿ ನೆಲದ ಮೇಲೆ ಕೂತು ಉಂಡರು. ಒಂದು ಕೈ ಊರಿ ತಾವೇ ಎದ್ದರು. ಅದರ ಮುಂದಿನ ಬೇಸಿಗೆಯಲ್ಲಿ ಕ್ಯಾನ್ಸರ್ ಮರುಕಳಿಸಿತು. ಅಕ್ಷಯ ತೃತೀಯದ ವಾರ ಹೋದರು. ಪತ್ತೆಯಾದಮೇಲೆ 14 ತಿಂಗಳು ಸಿಕ್ಕಿತು, ಅದರಲ್ಲಿ ಬಹುಪಾಲು ತಮ್ಮ ಕಾಲ ಮೇಲೆ.

ನಾನು ಡಾಕ್ಟರನ್ನ ಕೇಳಿದ್ದೆ, ಏಳು ತಿಂಗಳು ಮೊದಲೇ ಗೊತ್ತಾಗಿದ್ದರೆ ಏನಾಗ್ತಿತ್ತು ಅಂತ. "ಅದನ್ನ ಯಾರೂ ಹೇಳೋಕಾಗಲ್ಲ" ಅಂದರು. ಸುಳ್ಳು ಸಮಾಧಾನ ಹೇಳದೇ ಇದ್ದದ್ದಕ್ಕೆ ಅವರ ಮೇಲೆ ಗೌರವ ಇದೆ. ಆದರೆ ಲೆಕ್ಕ ಓದಿದವನಿಗೆ ಆ ಏಳು ತಿಂಗಳು ಬ್ಯಾಲೆನ್ಸ್ ಶೀಟಿನಲ್ಲಿ ಟ್ಯಾಲಿ ಆಗದ ಮೊತ್ತದ ಹಾಗೆ ಕೂತಿದೆ.

ಕೇಳಿದವರು ಏನು ಮಾಡಬೇಕು?

ಮೊದಲು ಧೈರ್ಯದ ಮಾತು. ಇದು ಅಪರೂಪ. ಇಟಲಿಯ ಒಂದು ಅಧ್ಯಯನದಲ್ಲಿ ಸುಮಾರು 300 ಕ್ಯಾನ್ಸರ್ ರೋಗಿಗಳಲ್ಲಿ ಒಬ್ಬರ ಲೆಕ್ಕ ಬಂತು. ಕಾಲು ಸೋತವರಲ್ಲಿ ಬಹುತೇಕರಿಗೆ ಶುಗರ್, ಬಿ12 ಕೊರತೆ, ಥೈರಾಯ್ಡ್, ಬೆನ್ನು ಇವೇ ಕಾರಣ. ಗೂಗಲ್ ಮಾಡಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಆದರೆ ವಾರಗಳಲ್ಲಿ, ಕೆಲವೇ ತಿಂಗಳಲ್ಲಿ ಏರುತ್ತಾ ಹೋಗುವ ತೊಂದರೆಯನ್ನ ವಯಸ್ಸು ಅಂತ ಬಿಡಬೇಡಿ. ತೊಡೆ ಸೋಲು ಜೊತೆಗೆ ಒಣಬಾಯಿ. ಇದ್ದಕ್ಕಿದ್ದಂತೆ ತೂರಾಡುವ ನಡಿಗೆ, ತೊದಲು. ಕೈಕಾಲು ಉರಿದು, ನೆಲವೇ ತಿಳಿಯದ ಹಾಗೆ ಜೋಮು. ಹೊಸದಾಗಿ ಬಂದ ಫಿಟ್ಸ್, ಮರೆವು, ಗುರುತೇ ಸಿಗದ ಹಾಗೆ ಬದಲಾದ ನಡವಳಿಕೆ. ಇಂಥದ್ದಿದ್ದು ಮಾಮೂಲಿ ಪರೀಕ್ಷೆಗಳಲ್ಲಿ ಕಾರಣ ಸಿಗದಿದ್ದರೆ ನ್ಯೂರಾಲಜಿಸ್ಟ್ ನೋಡಲಿ. ಎರಡು ಮೂರು ದೂರು ಇದ್ದರೆ ಎಲ್ಲವನ್ನೂ ಒಬ್ಬರೇ ಡಾಕ್ಟರ ಮುಂದೆ, ಒಂದೇ ಹಾಳೆಯಲ್ಲಿ ಬರೆದು ಇಡಿ. ಬೀಡಿ, ಸಿಗರೇಟು, ಗುಟ್ಕಾ ಮುಚ್ಚಿಡಬೇಡಿ. ಬಿಟ್ಟಿದ್ದರೂ ಹೇಳಿ.

ಪ್ರತಿಕಾಯ ಪರೀಕ್ಷೆಯನ್ನ ನೀವೇ ಹೋಗಿ ಮಾಡಿಸಬೇಡಿ. ಲಕ್ಷಣಕ್ಕೆ ಹೊಂದದ ಸುಳ್ಳು ಪಾಸಿಟಿವ್ ಬರೋದುಂಟು, ಸುಮ್ಮನೆ ಗಾಬರಿ. ಲಕ್ಷಣ, ನರದ ಪರೀಕ್ಷೆ, ರಕ್ತ, ಸ್ಕ್ಯಾನ್ ನಾಲ್ಕನ್ನೂ ಜೊತೆಗಿಟ್ಟು ಓದಬೇಕಾದದ್ದು ಡಾಕ್ಟರ್. ಲ್ಯಾಂಬರ್ಟ್-ಈಟನ್ ಅಥವಾ ಮಯಸ್ತೀನಿಯಾ ಇರುವವರು ಯಾವುದೇ ಆಪರೇಷನ್‌ಗೆ ಮೊದಲು, ಹಲ್ಲು ಕೀಳಿಸುವ ಮೊದಲೂ, ಅದನ್ನ ಹೇಳಲೇಬೇಕು. ಸ್ನಾಯು ಸಡಿಲಿಸುವ ಔಷಧಿ, ಕೆಲವು ಆಂಟಿಬಯಾಟಿಕ್ ಇವರಿಗೆ ಅಪಾಯ. ಹಾಗೇ, ಕ್ಯಾನ್ಸರ್‌ಗೆ ಇಮ್ಯುನೊಥೆರಪಿ ತಗೊಳ್ಳುವವರು ಹೊಸ ನಿಶ್ಶಕ್ತಿ ಕಂಡರೆ ಕಾಯಬೇಡಿ. ನಿರೋಧಕ ಶಕ್ತಿಯ ಬ್ರೇಕ್ ಬಿಡಿಸುವ ಆ ಔಷಧಿಗಳಿಂದಲೂ ಇಂಥ ನರರೋಗ ಬರಬಹುದು.

ಇನ್ನೊಂದು. ಮನೆಯಲ್ಲಿ ಯಾರಾದರೂ ಏಳೋಕೆ ಕಷ್ಟಪಟ್ಟರೆ, ನಡಿಗೆ ಬದಲಾದರೆ, ವಿಡಿಯೋ ಮಾಡಿ. ಗ್ರೂಪಿಗೆ ಹಾಕೋಕಲ್ಲ, ಡಾಕ್ಟರಿಗೆ ತೋರಿಸೋಕೆ. ತಾರೀಖು ಅದರಲ್ಲೇ ಇರುತ್ತೆ.

ನನ್ನ ಆ ವಿಡಿಯೋವನ್ನ ಗ್ರೂಪಿಂದ ಅಳಿಸೋಣ ಅಂತ ಮಾವ ಇದ್ದಾಗಲೇ ಹೇಳಿದ್ದೆ. "ಇರಲಿ ಬಿಡೋ, ಅದರಿಂದಲೇ ತಾರೀಖು ಸಿಕ್ತಲ್ಲ" ಅಂದಿದ್ದರು. ನಾನು ಅಳಿಸಿಲ್ಲ. ಕ್ಷಮಿಸಿ ಮಾವ ಅಂತ ಎದುರಿಗೆ ಹೇಳಿಯೂ ಇಲ್ಲ. ಇವತ್ತು ಇಲ್ಲಿ ಹೇಳ್ತಿದ್ದೀನಿ.

ಭದ್ರಾವತಿಯ ಆ ಫಿಸಿಯೋ ಅವರಿಗೆ, ನೀವು ಕೇಳ್ತಾ ಇದ್ದರೆ, ನಮ್ಮ ಇಡೀ ಮನೆಯ ನಮಸ್ಕಾರ. ಮುಂದಿನ ವಾರ ಮತ್ತೆ ದುಡ್ಡಿನ ವಿಷಯ. ಇಂಥ ಕಾಯಿಲೆಗೆ ಇನ್ಶೂರೆನ್ಸ್ ಮಾಡಿಸುವಾಗ ಫಾರಂನಲ್ಲಿ ಬೀಡಿಯ ವಿಷಯ ಮುಚ್ಚಿಟ್ಟರೆ ಕ್ಲೇಮ್ ಏನಾಗುತ್ತೆ, ಅದನ್ನ ಮಾತಾಡೋಣ. ಅಲ್ಲಿವರೆಗೂ ಹುಷಾರಾಗಿರಿ.